ಆಯಿಲ್ ಕೂಲರ್: ಅಳತೆ ಮೊದಲು, ಸ್ಪ್ಯಾನರ್ ಆಮೇಲೆ

ನೀರಿನ ಬಿಸಿ ತೋರಿಸುವ ಮುಳ್ಳು ನಟ್ಟನಡುವೆ ಕದಲದೆ ನಿಂತಿದ್ದರೆ ಎಂಜಿನ್ ತಣ್ಣಗಿದೆ ಎಂದುಕೊಂಡು ರೇಸ್ ಟ್ರ್ಯಾಕ್ ಮೇಲೆ ಸುತ್ತು ಹೊಡೆಯುತ್ತಿದ್ದವರಲ್ಲಿ ನಾನೂ ಒಬ್ಬ. ಆಯಿಲ್‌ಗೆಂದೇ ಬೇರೆ ಗೇಜ್ ಹಾಕಿದ ದಿನ ಆರನೇ ಸುತ್ತಿಗೆ ಅದು 138 ಡಿಗ್ರಿ ತೋರಿಸಿತು. ನೀರು ಆಗಲೂ 92ರಲ್ಲೇ ಇತ್ತು. ನೀರಿಗೆ ರೇಡಿಯೇಟರ್ ಇದೆ, ಫ್ಯಾನ್ ಇದೆ, ಬಿಸಿ ನೋಡಿ ದಾರಿ ತೆರೆಯುವ ಥರ್ಮೋಸ್ಟಾಟ್ ಇದೆ. ಆಯಿಲ್‌ಗೆ ಎಷ್ಟೋ ಕಾರುಗಳಲ್ಲಿ ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿ) ತಗಡಿಗೆ ತಾಗುವ ಗಾಳಿಯೇ ಗತಿ. ಬೇರಿಂಗ್‌ಗಳ ಬಿಸಿ, ಪಿಸ್ಟನ್ ತಳದ ಬಿಸಿ, ಟರ್ಬೊ ಇದ್ದರೆ ಅದರ ಬಿಸಿ, ಎಲ್ಲವನ್ನೂ ಹೊತ್ತು ಬರುವುದು ಆಯಿಲ್. ಆರ್‌ಪಿಎಂ ಮೇಲೆಯೇ ನಿಂತಷ್ಟು ಹೊತ್ತು ಅದು ಏರುತ್ತಲೇ ಹೋಗುತ್ತದೆ.

ಹಾಗೆಂದು ನಾಳೆಯೇ ಆಯಿಲ್ ಕೂಲರ್, ಅಂದರೆ ಆಯಿಲ್ ಅನ್ನು ಗಾಳಿಯಿಂದ ತಣಿಸುವ ಪುಟ್ಟ ರೇಡಿಯೇಟರ್, ತರಬೇಡಿ.

ನಿಮ್ಮ ಕಾರಿಗೆ ಬೇಕೋ ಬೇಡವೋ

ಆಯಿಲ್ ಉಷ್ಣತೆಯ ಗೇಜ್ ಇಲ್ಲದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಸೆನ್ಸರ್ ಅನ್ನು ಆಯಿಲ್ ಹರಿಯುವ ಜಾಗದಲ್ಲಿ, ಅಂದರೆ ಸಂಪ್‌ನಲ್ಲಿ ಅಥವಾ ಫಿಲ್ಟರ್ ಬುಡದಲ್ಲಿ ಕೂರಿಸಿ. ಮೂಲೆಯಲ್ಲಿ ನಿಂತ ಆಯಿಲ್‌ನಲ್ಲಿ ಕೂತ ಸೆನ್ಸರ್ ಸುಳ್ಳು ಹೇಳುತ್ತದೆ. ಎಲ್ಲಿ ಕೂರಿಸಿದಿರೋ ಅಲ್ಲೇ ಬಿಡಿ, ಕೂಲರ್ ಹಾಕುವ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಹೋಲಿಸಲು ಅದು ಕದಲಬಾರದು.

90ರಿಂದ 115 ಡಿಗ್ರಿ ಆರೋಗ್ಯವಂತ ಆಯಿಲ್‌ನ ಲಕ್ಷಣ. ಟ್ರ್ಯಾಕ್ ಮೇಲೆ 120 ಮುಟ್ಟಿ ನಿಂತರೂ ಒಳ್ಳೆಯ ಸಿಂಥೆಟಿಕ್ ಆಯಿಲ್‌ಗೆ ಚಿಂತೆಯಿಲ್ಲ. 130 ದಾಟಿ ಏರುತ್ತಲೇ ಇದ್ದರೆ ಕೂಲರ್ ಬೇಕು. ಏಕೆಂದು ಒಂದು ಲೆಕ್ಕದಿಂದ ತಿಳಿಯುತ್ತದೆ. 40 ಗ್ರೇಡ್ ಆಯಿಲ್‌ನ ದಪ್ಪ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ) ನಡುವೆ ಇರಬೇಕು. ಅಲ್ಲಿ 14 ಇರುವ ಒಂದು 5ಡಬ್ಲ್ಯು-40 ಆಯಿಲ್ 130 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 8ಕ್ಕೆ ಇಳಿದಿರುತ್ತದೆ. 30 ಗ್ರೇಡ್‌ಗೆ 100 ಡಿಗ್ರಿಯಲ್ಲಿ ಇರಬೇಕಾದ ಕನಿಷ್ಠ 9.3ಕ್ಕಿಂತಲೂ ಅದು ತೆಳು. ಡಬ್ಬಿಯ ಮೇಲೆ 40 ಎಂದು ಓದಿ ಸುರಿದಿರುತ್ತೀರಿ, ಬೇರಿಂಗ್‌ಗೆ ಸಿಗುವುದು 30ಕ್ಕಿಂತ ತೆಳುವಾದದ್ದು. ಬಿಸಿ ಎಂಜಿನ್ ಸುಮ್ಮನೆ ನಿಂತು ಓಡುವಾಗ (ಹಾಟ್ ಐಡಲ್) ಆಯಿಲ್ ಪ್ರೆಷರ್ ಮುಳ್ಳು ಕೆಳಗೆ ಬೀಳುವುದು ಅದಕ್ಕೇ.

ಇನ್ನೊಂದು ತುದಿಯನ್ನೂ ನೋಡಿ. ಎಂಜಿನ್ನಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ, ಸುಡದೆ ಉಳಿದ ಪೆಟ್ರೋಲ್ ಎರಡೂ ಸ್ವಲ್ಪ ಸ್ವಲ್ಪ ಸಂಪ್ ಸೇರುತ್ತವೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಮಾತ್ರ ಅವು ಆವಿಯಾಗಿ ಹೋಗುತ್ತವೆ. ದಿನಾ 70 ಡಿಗ್ರಿಯಲ್ಲೇ ಓಡುವ ಆಯಿಲ್‌ನಲ್ಲಿ ಅವು ಉಳಿದು ಕೆಸರು ಕಟ್ಟುತ್ತದೆ. ಮನೆಯಿಂದ ಆಫೀಸಿಗೆ ಹದಿನೈದು ನಿಮಿಷ ಓಡಿಸುವ ಕಾರಿಗೆ ಕೂಲರ್ ಹಾಕಿದರೆ ಇಲ್ಲದ ಕಾಯಿಲೆಯನ್ನು ಕರೆದು ತಂದಂತೆ.

ಕೆಲವು ಕಾರುಗಳಲ್ಲಿ ಕಂಪನಿಯೇ ಈ ಕೆಲಸ ಮಾಡಿರುತ್ತದೆ. ಗಾಳಿಯಿಂದ ತಣಿಯುತ್ತಿದ್ದ ಹಳೆಯ ಪೋರ್ಷೆ 911ರಲ್ಲಿ ಬಿಸಿಯ ದೊಡ್ಡ ಪಾಲನ್ನು ಆಯಿಲ್ಲೇ ಹೊರಬೇಕಿತ್ತು. ರೋಟರಿ ಎಂಜಿನ್‌ನ ಮಜ್ದಾ ಆರ್‌ಎಕ್ಸ್-8ರ ಮ್ಯಾನುಯಲ್ ಗೇರ್ ಮಾದರಿಗೆ ಮುಂದೆ ಎರಡು ಆಯಿಲ್ ಕೂಲರ್ ಕೊಟ್ಟಿದ್ದರು. ಇನ್ನು ಹಲವು ಕಾರುಗಳಲ್ಲಿ ಫಿಲ್ಟರ್ ಬುಡದಲ್ಲೇ ಅಂಗೈಯಗಲದ ಡಬ್ಬಿಯೊಂದು ಇರುತ್ತದೆ, ಅದಕ್ಕೆ ಕೂಲಂಟ್ (ಎಂಜಿನ್ ತಣಿಸುವ ನೀರು) ಪೈಪ್ ಎರಡು ಬಂದಿರುತ್ತವೆ. ಆಯಿಲ್ ಅನ್ನು ನೀರಿನಿಂದ ತಣಿಸುವ ಸಾಧನ ಅದು. ಬೆಳಿಗ್ಗೆ ಆಯಿಲ್ ಬೇಗ ಬಿಸಿಯಾಗಲೂ ನೆರವಾಗುತ್ತದೆ. ಅದನ್ನು ಕಿತ್ತು ಬಿಸಾಡುವವರನ್ನು ನೋಡಿದ್ದೇನೆ. ರಸ್ತೆಯಲ್ಲೂ ಓಡುವ ಕಾರಾದರೆ ಅದನ್ನು ಇಟ್ಟುಕೊಂಡೇ ಗಾಳಿಯ ಕೂಲರ್ ಸೇರಿಸಿ.

ಅಳೆದ ಮೇಲೂ ಕೂಲರ್‌ಗೆ ಮುಂಚೆ ನೋಡಬೇಕಾದ್ದಿದೆ. ಆಯಿಲ್ ಮಟ್ಟ ಸರಿಯಿದೆಯೇ? ರೇಡಿಯೇಟರ್ ರೆಕ್ಕೆಗಳ ನಡುವೆ ಧೂಳು, ಹುಳು ತುಂಬಿದೆಯೇ? ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕಳಚಿಹೋಗಿ ಗಾಳಿ ದಾರಿ ತಪ್ಪಿದೆಯೇ? ನೀರೇ 105 ದಾಟುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಆ ರೇಡಿಯೇಟರ್ ಮುಂದೆ ಇನ್ನೊಂದು ಬಿಸಿ ಪೆಟ್ಟಿಗೆ ತಂದು ನಿಲ್ಲಿಸಿದರೆ ಗಾಯದ ಮೇಲೆ ಬರೆ.

ಎಷ್ಟು ದೊಡ್ಡದು

ಕೂಲರ್‌ಗಳನ್ನು ಆಯಿಲ್ ಹರಿಯುವ ಸಾಲುಗಳ ಲೆಕ್ಕದಲ್ಲಿ ಮಾರುತ್ತಾರೆ: 10, 13, 16, 19, 25 ಸಾಲು ಹೀಗೆ. ಬ್ರಿಟನ್ನಿನ ಮೋಕಲ್, ಸ್ವೀಡನ್ನಿನ ಸೆಟ್ರಾಬ್ ಥರದ ಕಂಪನಿಗಳ ತಟ್ಟೆ ಜೋಡಿಸಿದ ಮಾದರಿಯ ಕೂಲರ್‌ಗಳು ಹೆಚ್ಚು ಬಳಕೆಯಲ್ಲಿವೆ. 235 ಮಿಮೀ ಅಗಲದ 19 ಸಾಲಿನ ಕೂಲರ್ ಸುಮಾರು 150 ಮಿಮೀ ಎತ್ತರ ಇರುತ್ತದೆ. ಕೊಳವೆಗೆ ರೆಕ್ಕೆ ಸುತ್ತಿದ ಅಗ್ಗದ ಮಾದರಿಯೂ ಸಿಗುತ್ತದೆ. ಅಷ್ಟೇ ಜಾಗದಲ್ಲಿ ಅದು ಕಡಿಮೆ ತಣಿಸುತ್ತದೆ, ಗೇರ್‌ಬಾಕ್ಸ್ ಆಯಿಲ್‌ಗೆ ಸಾಕು ಎನ್ನಬಹುದು.

ಎಷ್ಟು ಬಿಸಿ ತೆಗೆಯಬೇಕೆಂದು ಅಂದಾಜು ಮಾಡುವುದು ಕಷ್ಟವಲ್ಲ. ಕೂಲರ್ ಮೂಲಕ ನಿಮಿಷಕ್ಕೆ 30 ಲೀಟರ್ ಹರಿಯುತ್ತದೆ ಎಂದುಕೊಳ್ಳಿ. ಲೀಟರಿಗೆ ಸುಮಾರು 0.85 ಕೆಜಿಯಂತೆ ಸೆಕೆಂಡಿಗೆ 0.42 ಕೆಜಿ ಆಯಿತು. ಒಂದು ಕೆಜಿ ಬಿಸಿ ಆಯಿಲ್ ಅನ್ನು ಒಂದು ಡಿಗ್ರಿ ಇಳಿಸಲು ಹೆಚ್ಚುಕಡಿಮೆ 2.2 ಕಿಲೋಜೂಲ್ ತೆಗೆಯಬೇಕು. ಅಂದರೆ ಪ್ರತಿ ಡಿಗ್ರಿ ಇಳಿಕೆಗೆ ಒಂದು ಕಿಲೋವ್ಯಾಟ್‌ಗೆ ತುಸು ಕಡಿಮೆ. ಕೂಲರ್‌ಗೆ ಹೋಗುವಾಗ 120, ಬರುವಾಗ 105 ಇದ್ದರೆ ಅದು ಸುಮಾರು 14 ಕಿಲೋವ್ಯಾಟ್ ಬಿಸಿಯನ್ನು ಗಾಳಿಗೆ ಸುರಿಯುತ್ತಿದೆ. ಕೋಣೆ ಬೆಚ್ಚಗಿಡುವ ಎರಡು ಕಿಲೋವ್ಯಾಟಿನ ಏಳು ಹೀಟರ್ ಒಟ್ಟಿಗೆ ಉರಿದಂತೆ. ಆ ಬಿಸಿ ಗಾಳಿ ನೇರ ರೇಡಿಯೇಟರ್‌ಗೆ ಹೊಡೆಯುತ್ತದೆ ಎಂಬುದನ್ನು ನೆನಪಿಡಿ, ಜಾಗ ಆರಿಸುವಾಗ ಬೇಕಾಗುತ್ತದೆ.

ನಾಲ್ಕು ಸಿಲಿಂಡರಿನ ಸಾಮಾನ್ಯ ಟ್ರ್ಯಾಕ್ ಕಾರಿಗೆ 13ರಿಂದ 19 ಸಾಲು ಸಾಕು. ದೊಡ್ಡ ಟರ್ಬೊ, ಆರು ಸಿಲಿಂಡರ್, ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ಓಟ ಇದ್ದರೆ 25ರ ಯೋಚನೆ ಮಾಡಿ. ಒಮ್ಮೆಲೇ 34 ಸಾಲಿನದು ತಂದು ಬಂಪರ್ ಕೊರೆಯುವವರಿಗೆ ಹೇಳುವುದು ಒಂದೇ: ಮೂಗಿಗಿಂತ ಮೂಗುತಿ ಭಾರವಾಗಬಾರದು. ಗಾಳಿ ಸರಿಯಾಗಿ ಸಿಗುವ 16 ಸಾಲಿನ ಕೂಲರ್, ಗಾಳಿ ಸಿಗದ 25 ಸಾಲಿನದಕ್ಕಿಂತ ಚೆನ್ನಾಗಿ ತಣಿಸುತ್ತದೆ.

ಹಳೆಯ ಕೂಲರ್ ಸಿಕ್ಕರೆ ಅದರ ಹಿಂದಿನ ಕತೆ ಕೇಳಿ. ಗೆಳೆಯನೊಬ್ಬ ಬೇರಿಂಗ್ ಹೋದ ಎಂಜಿನ್ನಿನ ಕೂಲರ್ ಅನ್ನು ಪುಕ್ಕಟೆ ಕೊಟ್ಟಿದ್ದ. ಸೀಮೆಎಣ್ಣೆ ಹಾಕಿ ಅಲುಗಾಡಿಸಿ ಬಿಳಿ ಬಟ್ಟೆಯ ಮೇಲೆ ಸುರಿದೆ. ಮೊದಲ ಸಲ ಕಪ್ಪು ನೀರು, ಎರಡನೇ ಸಲ ತಿಳಿ, ಇನ್ನೇನು ಆಯಿತು ಎಂದುಕೊಂಡೆ. ನಾಲ್ಕನೇ ಸಲ ಕೂಲರ್ ತಲೆಕೆಳಗು ಮಾಡಿ ಅಂಗೈಯಿಂದ ತಟ್ಟಿದಾಗ ಬಟ್ಟೆಯ ಮೇಲೆ ಬೆಳ್ಳಿಯ ಪುಡಿ ಉದುರಿದ ಹಾಗೆ ಮಿನುಗು. ಒಳಗಿನ ಸಂದಿಗಳಲ್ಲಿ ಸಿಕ್ಕ ಲೋಹದ ಚೂರು ಮನೆಯಲ್ಲಿ ತೊಳೆದರೆ ಹೋಗುವಂಥದ್ದಲ್ಲ. ಅದನ್ನು ಗುಜರಿಗೆ ಹಾಕಿದೆ. ನಿಮ್ಮದೇ ಎಂಜಿನ್ ಕೆಟ್ಟು ರಿಪೇರಿಯಾಗಿದ್ದರೂ ಇದೇ ನಿಯಮ: ಹೊಸ ಎಂಜಿನ್ನಿಗೆ ಹೊಸ ಕೂಲರ್.

ಥರ್ಮೋಸ್ಟಾಟ್ ಇರುವ ಪ್ಲೇಟ್

ಇಡೀ ಕಿಟ್‌ನಲ್ಲಿ ಯಾವುದಕ್ಕೆ ಕೈ ಬಿಗಿ ಹಿಡಿಯಬಾರದು ಎಂದು ಕೇಳಿದರೆ ಇದಕ್ಕೆ ಎನ್ನುತ್ತೇನೆ. ಸ್ಯಾಂಡ್‌ವಿಚ್ ಪ್ಲೇಟ್ ಎಂದರೆ ಎಂಜಿನ್ ಬ್ಲಾಕ್‌ಗೂ ಫಿಲ್ಟರ್‌ಗೂ ನಡುವೆ ಕೂರುವ ಬಿಲ್ಲೆ. ಆಯಿಲ್ ಅದರಿಂದ ಹೊರಟು, ಕೂಲರ್ ಸುತ್ತಿ, ಮರಳಿ ಅಲ್ಲಿಗೇ ಬರುತ್ತದೆ. ಥರ್ಮೋಸ್ಟಾಟ್ ಇರುವ ಪ್ಲೇಟ್‌ನಲ್ಲಿ ಸುಮಾರು 80 ಡಿಗ್ರಿ ಆಗುವವರೆಗೆ ಬಹುಪಾಲು ಆಯಿಲ್ ಅಡ್ಡದಾರಿಯಲ್ಲಿ ನೇರ ಫಿಲ್ಟರ್‌ಗೆ ಹೋಗುತ್ತದೆ. ಸ್ವಲ್ಪ ಮಾತ್ರ ಕೂಲರ್‌ಗೆ ಸೋರಿ ಅದನ್ನು ತುಂಬಿ ಇಡುತ್ತದೆ. ಬಿಸಿ ಏರಿದಂತೆ ಬಾಗಿಲು ಪೂರ್ತಿ ತೆರೆಯುತ್ತದೆ. ಥರ್ಮೋಸ್ಟಾಟ್ ಇಲ್ಲದ ಪ್ಲೇಟ್ ಹಾಕಿ, ಚಳಿಗಾಲದಲ್ಲಿ ಕೂಲರ್‌ಗೆ ರಟ್ಟು ಕಟ್ಟಿ ಓಡಿಸುವವರಿದ್ದಾರೆ. ಓಟಕ್ಕೆಂದೇ ಮೀಸಲಾದ ಕಾರಿಗೆ ಅದು ನಡೆದೀತು.

ಕೊಳ್ಳುವ ಮುಂಚೆ ಫಿಲ್ಟರ್ ಥ್ರೆಡ್ ಅಳೆಯಿರಿ. ಎಂ20×1.5 (20 ಮಿಮೀ ವ್ಯಾಸದ ಮೆಟ್ರಿಕ್ ಥ್ರೆಡ್) ಮತ್ತು ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿನ ಯುಎನ್‌ಎಫ್ (ಇಂಚಿನ ಅಳತೆಯ ಥ್ರೆಡ್), ಇವೆರಡೂ ಕಣ್ಣಿಗೆ ಒಂದೇ. ವ್ಯಾಸದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಎಂ20ರ ಫಿಲ್ಟರ್ ಅನ್ನು ಮುಕ್ಕಾಲು ಇಂಚಿನ ಸ್ಟಡ್‌ಗೆ (ಫಿಲ್ಟರ್ ಕೂರುವ ಥ್ರೆಡ್ ಕೊಳವೆ) ತಿರುಗಿಸಿದರೆ ಹತ್ತುತ್ತದೆ, ಆದರೆ ಸಡಿಲ. ಪ್ರೆಷರ್ ಬಂದ ದಿನ ಕಳಚಿಕೊಳ್ಳುತ್ತದೆ. ಕೂಲರ್ ಬಾಯಿಯಲ್ಲೂ ಇದೇ ಮೋಸ: ಎಂ22×1.5, 7/8 ಇಂಚಿನ ಯುಎನ್‌ಎಫ್, 5/8 ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಮೂರೂ 22-23 ಮಿಮೀ ಆಸುಪಾಸು. ವರ್ನಿಯರ್ ಜೊತೆಗೆ ಥ್ರೆಡ್ ಗೇಜ್ ಇಟ್ಟು ನೋಡಿ. ಬೆರಳಿನಲ್ಲಿ ಮೂರು ಸುತ್ತು ಸಲೀಸಾಗಿ ಹೋಗದ ಫಿಟ್ಟಿಂಗ್‌ಗೆ ಸ್ಪ್ಯಾನರ್ ಹಾಕಲೇಬೇಡಿ. ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಹಾಳಾದರೆ ಮುಗಿಯಿತು.

ಪ್ಲೇಟ್ ಸೇರಿದರೆ ಫಿಲ್ಟರ್ ಅದರ ದಪ್ಪದಷ್ಟು ಹೊರಗೆ ಬರುತ್ತದೆ. ಸಬ್‌ಫ್ರೇಮ್, ಸ್ಟೀರಿಂಗ್ ರ‍್ಯಾಕ್, ಡ್ರೈವ್ ಶಾಫ್ಟ್, ಎಕ್ಸಾಸ್ಟ್, ಯಾವುದಾದರೂ ಅಡ್ಡ ಬರುತ್ತದೆಯೇ ಮೊದಲೇ ನೋಡಿ. ವೇಗ ಹೆಚ್ಚಿಸಿದಾಗ ಎಂಜಿನ್ ವಾಲುತ್ತದೆ, ನಿಂತ ಕಾರಿನಲ್ಲಿ ಬೆರಳಷ್ಟು ಸಂದಿ ಇದ್ದರೆ ಅದು ಓಡುವಾಗ ಇರುವುದಿಲ್ಲ. ಗಿಡ್ಡ ಫಿಲ್ಟರ್ ಹಾಕಿ ಬಗೆಹರಿಸಬಹುದು. ಫಿಲ್ಟರ್ ಕಟ್ಟಿಕೊಂಡರೆ ಆಯಿಲ್‌ಗೆ ದಾರಿ ಬಿಡುವ ಬೈಪಾಸ್ ವಾಲ್ವ್, ಆಯಿಲ್ ಹಿಂದೆ ಇಳಿಯದಂತೆ ತಡೆಯುವ ರಬ್ಬರ್ ಎರಡೂ ಮೂಲ ಫಿಲ್ಟರ್‌ನಂತೆಯೇ ಇರುವುದನ್ನು ಆರಿಸಿ.

ಹೋಸ್‌ನಲ್ಲಿ ತಪ್ಪಿದರೆ ಎಂಜಿನ್ ಹೋಗುತ್ತದೆ

ಕೂಲರ್ ತಾನಾಗಿ ಕೈಕೊಡುವುದು ಅಪರೂಪ. ಹೋಸ್ ಕೈಕೊಡುತ್ತದೆ. ಎಂಜಿನ್ನಿನ ಇಡೀ ಆಯಿಲ್ ಪ್ರೆಷರ್ ಈಗ ನೀವು ಜೋಡಿಸಿದ ನಾಲ್ಕು ತುದಿಗಳ ಮೇಲೆ ನಿಂತಿದೆ. ಒಂದು ತುದಿ ಕಳಚಿದರೆ ಸಂಪ್ ಬರಿದಾಗಲು ಕೆಲವೇ ಕ್ಷಣ ಸಾಕು. ಆ ಆಯಿಲ್ ಬೀಳುವುದು ನಿಮ್ಮ ಟೈರಿನ ಮೇಲೆ, ಇಲ್ಲವೇ ಎಕ್ಸಾಸ್ಟ್ ಮೇಲೆ.

ಹೋಸ್ ಮತ್ತು ಫಿಟ್ಟಿಂಗ್ ಅಳತೆಯ ಹೆಸರು ಎಎನ್-8, ಎಎನ್-10, ಎಎನ್-12 ಹೀಗಿರುತ್ತದೆ. ಅಂಕಿ ಎಂದರೆ ಇಂಚಿನ ಹದಿನಾರನೇ ಭಾಗಗಳು, ಹತ್ತು ಎಂದರೆ 10/16 ಇಂಚು, ಸುಮಾರು 16 ಮಿಮೀ ಪೈಪಿನ ಹೊರ ಅಳತೆ. ಹೆಚ್ಚಿನ ಕಾರುಗಳಿಗೆ 10 ಸರಿ. 8 ಹಾಕಿದರೆ ಉದ್ದ ಹೋಸ್‌ನಲ್ಲಿ ಪ್ರೆಷರ್ ಕುಸಿಯುತ್ತದೆ. 12 ಬೇಕಾಗುವುದು ದೊಡ್ಡ ಎಂಜಿನ್‌ಗಳಿಗೆ. ತಿರುವಿಗೆ ಮೊಂಡು ಮೊಣಕೈಯಂಥ 90 ಡಿಗ್ರಿ ಫಿಟ್ಟಿಂಗ್ ಬಿಟ್ಟು ಬಾಗಿದ ಕೊಳವೆಯಂಥದ್ದು ತನ್ನಿ, ಆಯಿಲ್ ಸಲೀಸಾಗಿ ತಿರುಗುತ್ತದೆ. ಈ ಫಿಟ್ಟಿಂಗ್‌ಗಳು 37 ಡಿಗ್ರಿ ಇಳಿಜಾರಿನ ಲೋಹಕ್ಕೆ ಲೋಹ ಒತ್ತಿ ಸೀಲ್ ಆಗುತ್ತವೆ. ಥ್ರೆಡ್‌ಗೆ ಬಿಳಿ ಟೇಪು, ಅಂಟು ಏನೂ ಬೇಡ. ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳಲು ಹರಿದ ಟೇಪಿನ ಒಂದು ಎಳೆ ಸಾಕು.

ಹೋಸ್ ಕತ್ತರಿಸುವ ಜಾಗಕ್ಕೆ ಟೇಪು ಬಿಗಿಯಾಗಿ ಸುತ್ತಿ, ಅದರ ಮೇಲೆಯೇ ಸಣ್ಣ ಹಲ್ಲಿನ ಬ್ಲೇಡಿನಿಂದ ನೇರ ಕತ್ತರಿಸಿ. ಸುತ್ತದಿದ್ದರೆ ಹೆಣಿಗೆಯ ತಂತಿ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತದೆ. ಹೋಸ್ ಅನ್ನು ಸಾಕೆಟ್‌ಗೆ (ಫಿಟ್ಟಿಂಗ್‌ನ ಹೊರ ಬಳೆ) ತಿರುಗಿಸುತ್ತ ತೂರಿಸಿ, ಒಳಗಿನ ಥ್ರೆಡ್ ಶುರುವಾಗುವಲ್ಲಿಗೆ ನಿಲ್ಲಿಸಿ. ಈಗ ಸಾಕೆಟ್ ಅಂಚಿನಲ್ಲಿ ಹೋಸ್ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಇನ್ನೊಂದು ಭಾಗಕ್ಕೆ ಎಣ್ಣೆ ಸವರಿ ತಿರುಗಿಸುವಾಗ ಆ ಗೆರೆ ಅಲ್ಲೇ ಇರಬೇಕು. ಗೆರೆ ಹೊರಗೆ ಸರಿದಿದ್ದರೆ ಹೋಸ್ ಹಿಂದಕ್ಕೆ ತಳ್ಳಿಸಿಕೊಂಡಿದೆ ಎಂದರ್ಥ, ಬಿಚ್ಚಿ ಮತ್ತೆ ಮಾಡಿ. ಮುಗಿದ ಮೇಲೆ ಒಳಗೆ ಗಾಳಿ ಊದಿ. ಕತ್ತರಿಸಿದಾಗಿನ ರಬ್ಬರ್ ಪುಡಿ ಎಷ್ಟು ಬರುತ್ತದೆಂದು ನೋಡಿದರೆ ಊದದೆ ಹಾಕಿದ್ದವರಿಗೆ ನಿದ್ದೆ ಬಾರದು. ಇಷ್ಟು ತಾಳ್ಮೆ ಇಲ್ಲದಿದ್ದರೆ ಯಂತ್ರದಲ್ಲಿ ಒತ್ತಿ, ಪ್ರೆಷರ್ ಪರೀಕ್ಷೆ ಮಾಡಿಕೊಡುವವರ ಹತ್ತಿರ ಮಾಡಿಸಿ. ಅದರಲ್ಲಿ ಅವಮಾನವೇನಿಲ್ಲ.

ಸ್ಟೀಲ್ ತಂತಿ ಹೆಣೆದ ಹೋಸ್ ಚೆಂದ ಕಾಣುತ್ತದೆ. ಅದು ಗರಗಸವೂ ಹೌದು. ನನ್ನ ಕಾರಿನಲ್ಲಿ ಎರಡು ತಿಂಗಳಾದ ಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿದಾಗ ಎಸಿಯ ಅಲ್ಯೂಮಿನಿಯಂ ಪೈಪ್ ಮೇಲೆ ಹೊಳೆಯುವ ಗೆರೆಯೊಂದು ಕಂಡಿತು. ಉಗುರು ಇಟ್ಟರೆ ಅರ್ಧ ಉಗುರು ಮುಳುಗುವಷ್ಟು ಆಳ. ಹೋಸ್‌ಗೆ ಒಂದು ಗೀಚೂ ಬಿದ್ದಿರಲಿಲ್ಲ. ಅಂದಿನಿಂದ ಕಪ್ಪು ನೈಲಾನ್ ಹೆಣಿಗೆಯದನ್ನೇ ಹಾಕುತ್ತೇನೆ. ಯಾವುದೇ ಇರಲಿ, ಗೇಣು ದೂರಕ್ಕೊಂದರಂತೆ ರಬ್ಬರ್ ಒಳಪದರದ ಕ್ಲಾಂಪ್ ಹಾಕಿ. ತಗಡು ದಾಟುವಲ್ಲಿ ರಬ್ಬರ್ ಬಳೆ ಕೂರಿಸಿ. ಎಕ್ಸಾಸ್ಟ್ ಹತ್ತಿರ ಹೋಗಲೇಬೇಕಾದರೆ ಬೆಂಕಿ ತಡೆಯುವ ಕವಚ (ಸ್ಲೀವ್) ಹಾಕಿ. ಎಂಜಿನ್‌ನಿಂದ ಕಾರಿನ ಬಾಡಿಯತ್ತ ದಾಟುವಲ್ಲಿ ಸ್ವಲ್ಪ ಸಡಿಲ ಬಿಡಿ, ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ.

ಕೂರಿಸುವುದು

ಜಾಗಕ್ಕೆ ಮೂರು ಆಯ್ಕೆ: ಬಂಪರಿನ ಕೆಳ ಬಾಯಿಯ ಹಿಂದೆ, ಫಾಗ್ ಲ್ಯಾಂಪ್ ಮೂಲೆಯಲ್ಲಿ, ಇಲ್ಲವೇ ರೇಡಿಯೇಟರ್ ಮುಂದೆ. ಮೂಲೆ ನನಗೆ ಇಷ್ಟ. ಅಲ್ಲಿಂದ ಹೊರಟ ಬಿಸಿ ಗಾಳಿ ರೇಡಿಯೇಟರ್‌ಗೆ ತಾಗದೆ ಚಕ್ರದ ಕಮಾನಿಗೆ ಹೋಗುತ್ತದೆ. ಆದರೆ ಗಾಳಿಗೆ ಹೊರಹೋಗಲು ದಾರಿ ಮಾಡಿಕೊಡಬೇಕು. ಚಕ್ರದ ಒಳ ಪ್ಲಾಸ್ಟಿಕ್‌ನಲ್ಲಿ ಕಿಂಡಿ ಕೊರೆಯದೆ ಕೂಲರ್ ಕೂರಿಸಿದರೆ ಒಳಗೆ ಬಂದ ಗಾಳಿ ಅಲ್ಲೇ ನಿಲ್ಲುತ್ತದೆ, ನಿಂತ ಗಾಳಿ ತಣಿಸುವುದಿಲ್ಲ. ಒಳಬರುವ ಬಾಯಿ ಕೂಲರ್ ಮುಖದಷ್ಟು ದೊಡ್ಡದಿರಬೇಕಿಲ್ಲ. ಮೂರನೇ ಒಂದು ಭಾಗದ ಬಾಯಿಂದ ಮೆಲ್ಲಗೆ ಅಗಲವಾಗುವ ಡಕ್ಟ್ ಮಾಡಿ, ಕೂಲರ್ ಸುತ್ತ ಫೋಮ್ ಅಂಟಿಸಿ ಸಂದಿ ಮುಚ್ಚಿದರೆ ಬಂದ ಗಾಳಿಯೆಲ್ಲ ರೆಕ್ಕೆಗಳ ನಡುವೆಯೇ ಹಾಯಬೇಕು. ರೇಡಿಯೇಟರ್ ಮುಂದೆಯೇ ಹಾಕುವುದಾದರೆ ನಡುವೆ ಎರಡು ಬೆರಳು ಸಂದಿ ಬಿಡಿ. ಮುಂದೆ ಕಲ್ಲು ತಡೆಯಲು ಜಾಲರಿ ಬೇಕು.

ಕೂಲರ್‌ನ ಎರಡು ಬಾಯಿ ಮೇಲಕ್ಕಿದ್ದರೆ ಒಳಗಿನ ಗಾಳಿ ತಾನಾಗಿ ಹೊರಬರುತ್ತದೆ. ಅಡ್ಡ ಕೂರಿಸುವುದಾದರೆ ಆಯಿಲ್ ಕೆಳಗಿನ ಬಾಯಿಂದ ಒಳಬಂದು ಮೇಲಿನಿಂದ ಹೊರಹೋಗಲಿ. ಬಾಯಿ ಕೆಳಗೆ ಮಾಡಬೇಡಿ, ಮೇಲೆ ಗಾಳಿ ಸಿಕ್ಕಿಕೊಂಡು ಅರ್ಧ ಕೂಲರ್ ಬಿಟ್ಟಿ ಕೂರುತ್ತದೆ. ಬ್ರಾಕೆಟ್‌ಗೂ ಕೂಲರ್‌ಗೂ ನಡುವೆ ರಬ್ಬರ್ ಬಿಲ್ಲೆ ಹಾಕಿ. ಬಿಗಿಯಾಗಿ ಬೋಲ್ಟ್ ಮಾಡಿದರೆ ಕಂಪನಕ್ಕೆ ಬೆಸುಗೆ ಬಿಡುತ್ತದೆ. ಫಿಟ್ಟಿಂಗ್ ಬಿಗಿಸುವಾಗ ಯಾವಾಗಲೂ ಎರಡು ಸ್ಪ್ಯಾನರ್, ಒಂದು ಕೂಲರ್ ಬಾಯಿಯನ್ನು ಹಿಡಿದಿಡಲು, ಇನ್ನೊಂದು ತಿರುಗಿಸಲು.

ಕೆಲಸದ ಸರದಿ ಹೀಗೆ: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ), ಆಯಿಲ್ ಇಳಿಸಿ, ಬಂಪರ್ ಬಿಚ್ಚಿ, ಕೂಲರ್ ಕೂರಿಸಿ, ಫಿಲ್ಟರ್ ತೆಗೆದು ಪ್ಲೇಟ್ ಹಾಕಿ. ಬ್ಲಾಕ್‌ನ ಮುಖದಲ್ಲಿ ಹಳೆ ಫಿಲ್ಟರ್‌ನ ರಬ್ಬರ್ ಅಂಟಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ಕ್ಷಣವೇ ಆಯಿಲ್ ಕಾರಂಜಿ. ಪ್ಲೇಟ್‌ನ ಓ-ರಿಂಗ್‌ಗೆ ಆಯಿಲ್ ಸವರಿ, ಬಾಯಿಗಳು ಹೋಸ್ ಹೋಗುವ ದಿಕ್ಕಿಗೆ ಬರುವಂತೆ ತಿರುಗಿಸಿ, ನಡು ಬೋಲ್ಟ್ ಅನ್ನು ಪ್ಲೇಟ್ ಜೊತೆ ಬಂದ ಚೀಟಿಯಲ್ಲಿ ಬರೆದಷ್ಟೇ ಟಾರ್ಕ್‌ಗೆ ಬಿಗಿಸಿ. ಹೋಸ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಚಕ್ರ ತಾಗುವುದಿಲ್ಲವೆಂದು ನೋಡಿ, ಆಮೇಲೆ ಬಿಗಿ ಮಾಡಿ. ಬಿಗಿಸಿದ ಪ್ರತಿ ಫಿಟ್ಟಿಂಗ್ ಮೇಲೂ ಬಣ್ಣದ ಒಂದು ಗೆರೆ ಎಳೆದಿಡಿ. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.

ತುಂಬಿಸುವುದು, ಪರೀಕ್ಷೆ

ಸಾಧ್ಯವಾದರೆ ಕೊನೆಯ ಹೋಸ್ ಕಟ್ಟುವ ಮುಂಚೆ ಕೂಲರ್‌ಗೆ ಆಯಿಲ್ ಸುರಿಯಿರಿ. ಎಎನ್-10 ಹೋಸ್ ಮೀಟರಿಗೆ ಸುಮಾರು 150 ಮಿಲಿ ಹಿಡಿಯುತ್ತದೆ. ಕೂಲರ್ ಸೇರಿದರೆ ಒಟ್ಟು ಅರ್ಧದಿಂದ ಒಂದು ಲೀಟರ್ ಹೆಚ್ಚು ಬೇಕಾಗುತ್ತದೆ. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು ಹತ್ತು ಹತ್ತು ಸೆಕೆಂಡಿನಂತೆ ಕ್ರ್ಯಾಂಕ್ ಮಾಡಿ (ಎಂಜಿನ್ ಹತ್ತಿಕೊಳ್ಳದೆ ಸ್ಟಾರ್ಟರ್‌ನಿಂದಲೇ ತಿರುಗಿಸಿ), ನಡುನಡುವೆ ಸ್ಟಾರ್ಟರ್‌ಗೆ ವಿರಾಮ ಕೊಡಿ. ಪ್ರೆಷರ್ ಮುಳ್ಳು ಮೇಲೆದ್ದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಇನ್ನೊಬ್ಬರು ಟಾರ್ಚ್ ಹಿಡಿದು ಮುಂದೆ ನಿಂತಿರಲಿ, ತೊಟ್ಟು ಕಂಡರೆ ಕೂಗಲಿ.

ಥರ್ಮೋಸ್ಟಾಟ್ ಪೂರ್ತಿ ತೆರೆಯುವವರೆಗೆ ಕೂಲರ್, ಹೋಸ್ ಎಲ್ಲವೂ ಪೂರ್ತಿ ತುಂಬಿವೆ ಎನ್ನಲಾಗದು. ತಣ್ಣಗಿದ್ದಾಗ ಮಟ್ಟ ನೋಡಿ ನೆಮ್ಮದಿಯಾಗಬೇಡಿ. ಒಂದು ಸುತ್ತು ಓಡಿಸಿ 90 ದಾಟಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಮತ್ತೆ ಎಳೆಯಿರಿ. ಕೊರತೆ ಈಗ ಕಾಣುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಎರಡೂ ಹೋಸ್‌ಗೆ ಹಿಡಿಯಿರಿ: 80ರವರೆಗೆ ಎರಡೂ ಎಂಜಿನ್‌ಗಿಂತ ತಣ್ಣಗಿದ್ದು, ಆಮೇಲೆ ಒಂದು ಏರಿ ಇನ್ನೊಂದು ಹಿಂಬಾಲಿಸಬೇಕು. ಬೆಚ್ಚಗೇ ಆಗದಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. ಪ್ರೆಷರ್ ಅನ್ನು ಹಳೆಯ ಅಂಕಿಗೆ ಹೋಲಿಸುವಾಗ ಆಯಿಲ್ ಉಷ್ಣತೆ ಎರಡು ಸಲವೂ ಒಂದೇ ಇರಲಿ. ಅದೇ 100 ಡಿಗ್ರಿ, ಅದೇ 3000 ಆರ್‌ಪಿಎಂನಲ್ಲಿ ತುಸು ಇಳಿದಿದ್ದರೆ ಸಹಜ. ತುಂಬ ಇಳಿದಿದ್ದರೆ ಹೋಸ್ ಸಣ್ಣದು ಅಥವಾ ಎಲ್ಲೋ ಮಡಚಿದೆ.

ಮೊದಲ ಟ್ರ್ಯಾಕ್ ದಿನ ಐದು ಸುತ್ತಿಗೇ ಒಳಗೆ ಬಂದು ಬಣ್ಣದ ಗೆರೆಗಳನ್ನು ನೋಡಿ. ನೀರಿನ ಗೇಜಿನ ಮೇಲೂ ಕಣ್ಣಿಡಿ. ನನ್ನದರಲ್ಲಿ ಆಯಿಲ್ 138ರಿಂದ 114ಕ್ಕೆ ಇಳಿಯಿತು, ನೀರು 92ರಿಂದ 96ಕ್ಕೆ ಏರಿತು. ಸಿಕ್ಕಿದ್ದಕ್ಕೆ ಹೋಲಿಸಿದರೆ ಕೊಟ್ಟದ್ದು ಕಡಿಮೆಯೇ.

ಕೊನೆಗೆ ಆಯಿಲ್ ತುಂಬುವ ಮುಚ್ಚಳದ ಪಕ್ಕ ಹೊಸ ಅಳತೆ ಬರೆದು ಚೀಟಿ ಅಂಟಿಸಿ. ಸಂಪ್ ಬಿಚ್ಚಿದರೂ ಕೂಲರ್‌ನ ಆಯಿಲ್ ಇಳಿಯುವುದಿಲ್ಲ. ಹೋಸ್ ಬಿಚ್ಚಿ ಬಸಿದರೆ ಮಾತ್ರ ಪೂರ್ತಿ ಅಳತೆ ಬೇಕು, ಬಸಿಯದೆ ಅಷ್ಟನ್ನೂ ಸುರಿದರೆ ಮಟ್ಟ ಮೀರುತ್ತದೆ. ಚೀಟಿಯಲ್ಲಿ ಎರಡೂ ಅಂಕಿ ಇರಲಿ.